ಕೆಂಪಾದ ಬಂಗುಡೆ

ಉಪ್ಪು ಹಾಕಿಟ್ಟ ಬಂಗುಡೆ ಕೆಂಪಾದರೆ ಕಾಪುವಿನ ಕಡಲ ಕರೆಯಲ್ಲಿ ಯಾರೂ ಮೀನನ್ನು ಬೈಯುವುದಿಲ್ಲ, ಉಪ್ಪನ್ನೂ ಬೈಯುವುದಿಲ್ಲ. ಉಪ್ಪು ಹಾಕಿದವಳನ್ನು ಬೈಯುತ್ತಾರೆ. ಅವಳ ಕೈ ಸರಿಯಿಲ್ಲ ಎನ್ನುತ್ತಾರೆ. ಹಾಗೆಂದು ಒಮ್ಮೆ ಹೇಳಿಸಿಕೊಂಡ ಹೆಂಗಸು ಮತ್ತೆ ಆ ಮಾತಿನಿಂದ ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಸರಸ ಬಂದಳು. ಅದರ ಕಥೆಯನ್ನೇ ಹೇಳುತ್ತಿದ್ದೇನೆ.

ಅದು ಸಾವಿರದ ಒಂಬೈನೂರ ಎಪ್ಪತ್ತಾರನೆಯ ಇಸವಿ. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಸಂಶೋಧನೆ ಮಾಡಬೇಕೆಂಬ ಹುಚ್ಚು ಹತ್ತಿ ಮಣಿಪಾಲದಲ್ಲಿ ಡಾಕ್ಟರ್ ಭುಜಂಗ ಹೆಬ್ಬಾರರ ಕೈಕೆಳಗೆ ಹೆಸರು ನೋಂದಾಯಿಸಿದ್ದೆ. ಹೆಬ್ಬಾರರು ಸೂಕ್ಷ್ಮಜೀವಿಗಳ ಬಗ್ಗೆ ಹೆಸರು ಮಾಡಿದವರು. ಮಾತು ಕಡಿಮೆ, ಆಡಿದ ಮಾತಿನಲ್ಲಿ ಚುಚ್ಚು ಹೆಚ್ಚು. ನಾನು ಹುಡುಕಿಕೊಂಡು ಹೋದ ವಿಷಯಗಳನ್ನೆಲ್ಲ ಅವರು ಒಂದೇ ರೀತಿಯಲ್ಲಿ ವಾಪಸು ಕಳಿಸುತ್ತಿದ್ದರು.

"ಸಮುದ್ರದ ಮೀನುಗಳು ಅಂತ ಬರೆದಿದ್ದೀರಿ. ಇದು ವಿಷಯ. ಪ್ರಶ್ನೆ ಎಲ್ಲಿ ಉಂಟು?"

"ವಿಷಯ ಇದ್ದರೆ ಪ್ರಶ್ನೆ ಬಾರದೆ ಇರುತ್ತದಾ ಸರ್?"

"ಬಂದ ಮೇಲೆ ಬನ್ನಿ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮಣಿಪಾಲದ ಗುಡ್ಡ ಇಳಿಯುವ ಬಸ್ಸಿನಲ್ಲಿ ಆ ಮನುಷ್ಯನನ್ನು ಕೊಂಕಣಿಯಲ್ಲಿ ಬೈಯುತ್ತಾ ಬರುತ್ತಿದ್ದೆ. ಪಕ್ಕದಲ್ಲಿ ಕೂತವರು ಪ್ರಾರ್ಥನೆ ಎಂದುಕೊಂಡಿರಬಹುದು.

ಪ್ರಶ್ನೆ ಕೊನೆಗೆ ಉದ್ಯಾವರದ ನಮ್ಮ ಮನೆಯ ಜಗಲಿಗೇ ನಡೆದುಕೊಂಡು ಬಂತು. ಸರಸ ಕಾಪುವಿನಿಂದ ಬುಟ್ಟಿ ಹೊತ್ತು ಬರುವ ಮೀನಿನವಳು. ನಮ್ಮ ಅಮ್ಮ ಮ್ಯಾಗ್ಡಲಿನ್ ಬಾಯಿ ಅವಳ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ಒಣಮೀನು ಕೊಳ್ಳುತ್ತಿರಲಿಲ್ಲ. ಆ ದಿನ ಬುಟ್ಟಿಯಲ್ಲಿ ಒಣಮೀನು ಇರಲಿಲ್ಲ. ಸರಸ ಜಗಲಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಅಮ್ಮಣ್ಣಿ ಅಕ್ಕ ಉಪ್ಪು ಮುಟ್ಟಬೇಡ ಅಂತ ಹೇಳಿದ್ದಾರೆ ಟೀಚರ್. ನಾನು ಹಾಕಿದ ಬಂಗುಡೆ ಎಲ್ಲ ಕೆಂಪಾಗ್ತದೆ. ಕಾರ್ಕಳದ ಜೋನ್ ಸಾಹುಕಾರ್ರು ಇಡೀ ಬುಟ್ಟಿ ವಾಪಸು ಕಳಿಸಿದ್ರು."

"ಮೊದಲೂ ಕೆಂಪಾಗುತ್ತಿತ್ತಾ?"

"ಮೊದಲು ಇಲ್ಲ. ಅವರು ಹೋದ ಮೇಲೆ."

ಅವರು ಎಂದರೆ ಅವಳ ಗಂಡ ವಾಸು. ಹಿಂದಿನ ವರ್ಷ ದೋಣಿ ಮಗುಚಿ ಕಡಲಿನಲ್ಲಿಯೇ ಹೋಗಿದ್ದ. ಗಂಡ ಸತ್ತ ಮೇಲೆ ಹೆಂಗಸಿನ ಕೈ ಕೆಟ್ಟಿತು ಎಂದು ಊರು ತೀರ್ಮಾನ ಮಾಡಿತ್ತು. ಕಾಪುವಿನಲ್ಲಿ ಮೀನಿಗೆ ಉಪ್ಪು ಹಾಕುವುದಕ್ಕೆ ಆ ಕೇರಿಯವರಿಗೆಲ್ಲ ಒಂದು ಚಪ್ಪರ, ಅದರಲ್ಲಿ ಒಂದೇ ಸಿಮೆಂಟಿನ ತೊಟ್ಟಿ. ಹಿರಿಯಳಾದ ಅಮ್ಮಣ್ಣಿ ಹೇಳಿದ ಸರದಿಯಂತೆ ಹೆಂಗಸರು ಹಾಕುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ದೋಣಿ ಇಳಿಯದೆ ಕಡಲು ಮುಚ್ಚಿದಾಗ ಮನೆಯ ಒಲೆ ಉರಿಯುವುದು ಹಾಗೆ ಒಣಗಿಸಿಟ್ಟ ಮೀನಿನಿಂದಲೇ. ಆ ತೊಟ್ಟಿಯಲ್ಲಿ ಸರದಿ ಇಲ್ಲದಿದ್ದರೆ ಸರಸ ಮತ್ತು ಅವಳ ಮಗಳು ಮಳೆಗಾಲವಿಡೀ ಎಂತ ತಿನ್ನುವುದು? ನನಗೆ ಮೈಯೆಲ್ಲ ಉರಿಯಿತು. ಅವಳ ಹತ್ತಿರ ಒಂದು ಕೆಂಪು ಬಂಗುಡೆ ತರಿಸಿಕೊಂಡು, ಟಿಫಿನ್ ಡಬ್ಬಿಯಲ್ಲಿ ಹಾಕಿ, ಮರುದಿನವೇ ಮಣಿಪಾಲದ ಬಸ್ಸು ಹತ್ತಿದೆ. ಆ ದಿನ ನನಗೆ ಬಸ್ಸಿನಲ್ಲಿ ಇಡೀ ಸೀಟು ಸಿಕ್ಕಿತು.

ಹೆಬ್ಬಾರರು ಹುಟ್ಟಾ ಸಸ್ಯಾಹಾರಿ. ಡಬ್ಬಿ ತೆರೆದ ಕೂಡಲೇ ಕರವಸ್ತ್ರ ಮೂಗಿಗೆ ಹೋಯಿತು.

"ಎಂತ ಇದು ಮಾರಾಯ್ರೇ!"

"ಇದು ಕೆಂಪಾದದ್ದು ಹೆಂಗಸಿನ ಕೈಯಿಂದಲಾ, ಬೇರೆ ಯಾವುದರಿಂದಲಾ? ಅಷ್ಟು ಹೇಳಿ ನನಗೆ!" ಎಂದು ನಾನು ಕಿರುಚಿದೆ.

ಅವರು ಕರವಸ್ತ್ರದ ಹಿಂದಿನಿಂದಲೇ ನಕ್ಕರು. "ಈಗ ಬಂತು ನೋಡಿ ಪ್ರಶ್ನೆ. ಕೂತುಕೊಳ್ಳಿ."

ಮೊದಲು ಓದು ಎಂದರು. ಬೇರೆಯವರು ಈಗಾಗಲೇ ಕಂಡುಕೊಂಡದ್ದನ್ನು ನಾವು ಮತ್ತೆ ಕಂಡುಹಿಡಿಯುವುದು ಸಮಯ ಹಾಳು ಎಂದರು. ಗ್ರಂಥಾಲಯದಲ್ಲಿ ಧೂಳು ಕುಡಿದೆ. ಉಪ್ಪಿನಲ್ಲಿಯೇ ಬದುಕುವ, ಉಪ್ಪಿಲ್ಲದಿದ್ದರೆ ಸಾಯುವ ಸೂಕ್ಷ್ಮಜೀವಿಗಳಿವೆ, ಉಪ್ಪು ಮೀನನ್ನು ಅವು ಕೆಂಪು ಮಾಡುತ್ತವೆ, ಬಿಸಿಲಿನಲ್ಲಿ ಮಾಡಿದ ಕಡಲ ಉಪ್ಪಿನ ಜೊತೆಯಲ್ಲಿಯೇ ಅವು ಬರುತ್ತವೆ ಎಂದು ದೂರದ ದೇಶಗಳವರು ಬರೆದಿಟ್ಟಿದ್ದರು. ಸರಸಳ ಮೀನಿನ ಮೇಲಿನ ಕೆಂಪನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿಯೂ ಅವೇ. ನಾನು ಕುಣಿದಾಡಿದೆ. ಇನ್ನೇನು, ಕಾಪುವಿಗೆ ಹೋಗಿ ಎಲ್ಲರ ಮುಂದೆ ಹೇಳಿಬಿಡುವುದು ಎಂದು ಚೀಲ ಹೆಗಲಿಗೆ ಹಾಕಿದೆ.

"ಎಲ್ಲಿಗೆ? ಪುಸ್ತಕದಲ್ಲಿ ಇರುವುದು ಬೇರೆ ಕಡಲಿನ ಮೀನು. ಒಂದೇ ಉಪ್ಪನ್ನು ಎಲ್ಲರೂ ಹಾಕುತ್ತಾರೆ, ಅಲ್ವಾ? ಹಾಗಾದರೆ ಸರಸಳದ್ದು ಮಾತ್ರ ಯಾಕೆ ಕೆಂಪು? ಅಮ್ಮಣ್ಣಿ ಕೇಳಿದರೆ ಎಂತ ಹೇಳ್ತೀರಿ?" ಎಂದರು ಹೆಬ್ಬಾರರು.

ಚೀಲ ಕೆಳಗಿಟ್ಟೆ.

ಪ್ರಯೋಗ ಮಾಡಿಯೇ ನೋಡುವುದೆಂದಾಯಿತು. ನನ್ನ ಊಹೆ ಸರಳವಾಗಿತ್ತು. ತಪ್ಪು ಉಪ್ಪಿನದ್ದು, ಕೈಯದ್ದಲ್ಲ. ಉಪ್ಪನ್ನು ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಅದರಲ್ಲಿದ್ದ ಜೀವಿಗಳು ಸಾಯುತ್ತವೆ, ಆ ಉಪ್ಪನ್ನು ಸರಸ ಹಾಕಿದ ಮೀನು ಕೆಂಪಾಗುವುದಿಲ್ಲ. ಒಂದಷ್ಟು ಹೊಸ ಮಡಕೆಗಳಲ್ಲಿ ಹುರಿದ ಉಪ್ಪು, ಅಷ್ಟೇ ಮಡಕೆಗಳಲ್ಲಿ ಹಸಿ ಉಪ್ಪು. ಮೀನು ಒಂದೇ ರಂಪಣಿ ಬಲೆಯದ್ದು. ಕೈ ಎರಡಕ್ಕೂ ಸರಸಳದ್ದೇ. ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಇಡಿ ಎಂದು ಹೆಬ್ಬಾರರು ಜಪದ ಹಾಗೆ ಹೇಳಿ ಕಳಿಸಿದ್ದರು.

ಕಾಪುವಿನ ಉಪ್ಪಿನ ಚಪ್ಪರದಲ್ಲಿ ಅಮ್ಮಣ್ಣಿಯೇ ಹಿರಿಯಳು. ಅಗಲವಾದ ಹಣೆ, ಅಗಲವಾದ ಕುಂಕುಮ, ಕಡಲ ಸದ್ದಿನ ಮೇಲೂ ಕೇಳುವ ಗಂಟಲು. ನಾನು ಮಡಕೆ ಸಾಲಾಗಿ ಇಡುತ್ತಿರುವಾಗ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಳು.

"ಇದು ಎಂತದು ಬಾಯಮ್ಮಾ?"

"ಪರೀಕ್ಷೆ."

"ನಿನಗಾ?"

"ಒಂದು ಲೆಕ್ಕದಲ್ಲಿ ನನಗೇ."

ಅವಳು ಪಾಪ ಎನ್ನುವ ಹಾಗೆ ತಲೆ ಆಡಿಸಿದಳು. ನಾನು ಉಪ್ಪು ಹುರಿಯುವುದಕ್ಕೆ ಹಿಂದಿನ ಒಲೆಯ ಹತ್ತಿರ ಹೋದೆ. ಬಂದು ಸರಸಳ ಕೈಯಲ್ಲಿ ಉಪ್ಪು ಹಾಕಿಸಿದೆ, ನೀರು ಬಸಿದ ಮೇಲೆ ಬಾಯಿಗೆ ತೆಳು ಬಟ್ಟೆ ಕಟ್ಟಿಸಿದೆ, ದಿನವೂ ಸಂಜೆ ಕಾಲೇಜು ಬಿಟ್ಟು ಬಸ್ಸಿನಲ್ಲಿ ಬಂದು ನೋಡಿದೆ.

ಎಲ್ಲ ಮಡಕೆಗಳೂ ಕೆಂಪಾದವು. ಹುರಿದದ್ದು, ಹಸಿ, ಎಲ್ಲವೂ. ಒಂದೂ ಉಳಿಯಲಿಲ್ಲ.

ಚಪ್ಪರದ ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಲೇಸಿತ್ತು. "ಬೇಯಿಸಿದ ಉಪ್ಪಿನಲ್ಲಿಯೂ ಕೆಂಪೇ. ಇನ್ನು ಎಂತ ನೋಡುವುದು ಉಂಟು?" ಎಂದಳು ಅಮ್ಮಣ್ಣಿ. ಅಲ್ಲಿಯವರೆಗೆ ಸರಸಳಿಗೆ ಉಪ್ಪು ಮುಟ್ಟುವುದಷ್ಟೇ ಬೇಡವಾಗಿತ್ತು. ಆ ದಿನದಿಂದ ಚಪ್ಪರದೊಳಗೆ ಕಾಲಿಡುವುದೂ ಬೇಡವಾಯಿತು. ಅವಳಿಗೆ ಒಳ್ಳೆಯದು ಮಾಡಲು ಹೋಗಿ ನಾನು ಇದ್ದದ್ದನ್ನೂ ಕಳೆದಿದ್ದೆ. ಸರಸ ನನ್ನನ್ನು ಬೈಯಲಿಲ್ಲ. "ನನ್ನ ಕೈಯೇ ಇರಬೇಕು ಟೀಚರ್" ಎಂದು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

ಮಣಿಪಾಲಕ್ಕೆ ಹೋಗಿ, ಪ್ರಯೋಗ ಕೆಟ್ಟುಹೋಯಿತು, ನಾನು ಸಂಶೋಧನೆ ಬಿಡುತ್ತೇನೆ ಎಂದೆ.

"ಕೆಡಲಿಲ್ಲ. ಪ್ರಯೋಗ ಉತ್ತರ ಕೊಟ್ಟಿದೆ. ನಿಮಗೆ ಇಷ್ಟವಾಗಲಿಲ್ಲ, ಅಷ್ಟೇ" ಎಂದರು ಹೆಬ್ಬಾರರು.

"ಹಾಗಾದರೆ ಕೈಯೇ ಅಂತೀರಾ? ನೀವೂ ಹೀಗೆ ಹೇಳುತ್ತೀರಾ?"

"ಹುರಿದ ಉಪ್ಪಿನಲ್ಲಿ ಜೀವಿ ಇಲ್ಲ ಅಂತ ನೀವು ಇಲ್ಲಿಯೇ ಪರೀಕ್ಷೆ ಮಾಡಿ ನೋಡಿದ್ದೀರಿ. ಮಡಕೆ ಹೊಸದು. ಆದರೂ ಕೆಂಪಾಯಿತು. ಹಾಗಾದರೆ ನಿಮಗೆ ಗೊತ್ತಿಲ್ಲದ್ದು ಯಾವುದೋ ಮಡಕೆಯ ಒಳಗೆ ಹೋಗಿದೆ. ನಿಮ್ಮ ಸಿಟ್ಟನ್ನು ಮಣಿಪಾಲದಲ್ಲಿ ಖರ್ಚು ಮಾಡಬೇಡಿ. ಕಾಪುವಿಗೆ ಹೋಗಿ, ನೀವು ನೋಡದೇ ಇದ್ದಾಗ ಎಂತ ಆಯಿತು ಅಂತ ಕೇಳಿ."

ಬೈದುಕೊಂಡೇ ಹೋದೆ. ಚಪ್ಪರದಲ್ಲಿ ಕೂತು ಮೊದಲಿನಿಂದ ಒಂದೊಂದೇ ಕೆಲಸ ಕೇಳುತ್ತಾ ಬಂದೆ. ಮಡಕೆ ಯಾರು ಇಳಿಸಿದರು, ಯಾರು ಮುಟ್ಟಿದರು, ನಾನು ಒಲೆಯ ಹತ್ತಿರ ಇದ್ದಾಗ ಇಲ್ಲಿ ಯಾರಿದ್ದರು. ಅಮ್ಮಣ್ಣಿ ಎಲೆಯಡಿಕೆ ಜಗಿಯುತ್ತಾ ಕೇಳುತ್ತಿದ್ದವಳು ಹೆಮ್ಮೆಯಿಂದ ಹೇಳಿದಳು:

"ನಾನೇ ಇದ್ದೆ. ನೀನು ಖಾಲಿ ಮಡಕೆ ಹಾಗೆಯೇ ಬಿಟ್ಟು ಹೋಗಿದ್ದೆ ಮಾರಾಯ್ತಿ. ಬರಿದಾದ ಪಾತ್ರೆಗೆ ಮೀನು ಹಾಕುವ ಕ್ರಮ ಉಂಟಾ? ಒಂದೊಂದಕ್ಕೂ ಒಂದು ಗೆರಟೆ ಹಳೆ ನೀರು ಹಾಕಿದೆ. ನಿನ್ನ ಪರೀಕ್ಷೆ ಒಳ್ಳೆಯದಾಗಲಿ ಅಂತ. ಸರಸ ಕಂಡಳು, ಅದು ಕ್ರಮವೇ ಅಲ್ವಾ; ನೀನು ಬಗ್ಗಿಯೂ ನೋಡಲಿಲ್ಲ."

"ಹಳೆ ನೀರು?"

ಅವಳು ತೊಟ್ಟಿ ತೋರಿಸಿದಳು. ಅದರ ತಳದಲ್ಲಿ ಹಳೆಯ ಉಪ್ಪುನೀರು ಮಡುಗಟ್ಟಿ ನಿಂತಿತ್ತು. ತೊಟ್ಟಿಯನ್ನು ಪೂರ್ತಿ ಬರಿದು ಮಾಡುವುದು ಆ ಚಪ್ಪರದಲ್ಲಿ ಅಪಶಕುನ. ಹಿಂದಿನ ಮೀನಿನ ನೀರು ಮುಂದಿನ ಮೀನನ್ನು ಕರೆಯುತ್ತದೆ ಎಂದು ಅವರ ನಂಬಿಕೆ. ಹೊಸ ಪಾತ್ರೆ ಇಟ್ಟರೂ ತೆಂಗಿನ ಗೆರಟೆಯಲ್ಲಿ ಅದನ್ನೇ ಒಂದಿಷ್ಟು ಎರೆದು ಶುರು ಮಾಡುತ್ತಾರೆ, ನಾವು ಹಾಲಿಗೆ ಹೆಪ್ಪು ಹಾಕುವ ಹಾಗೆ.

ಹೆಪ್ಪು! ನನಗೆ ಮೊದಲು ಅಮ್ಮಣ್ಣಿಯ ಜುಟ್ಟು ಹಿಡಿಯಬೇಕೆನಿಸಿತು. ಮರುಕ್ಷಣ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಅವಳು ನನ್ನ ಪ್ರಯೋಗವನ್ನು ಪ್ರೀತಿಯಿಂದಲೇ ಹಾಳು ಮಾಡಿ, ನಾನು ಕನಸಿನಲ್ಲಿಯೂ ಯೋಚಿಸದ ದಾರಿಯನ್ನು ತೆರೆದಿಟ್ಟಿದ್ದಳು.

ಆದರೂ ಹೆಬ್ಬಾರರ ಹಳೆಯ ಪ್ರಶ್ನೆ ಹಾಗೆಯೇ ಇತ್ತು. ತೊಟ್ಟಿ ಎಲ್ಲರದ್ದು, ಸರಸಳದ್ದು ಮಾತ್ರ ಯಾಕೆ ಕೆಂಪು? ಅದಕ್ಕಾಗಿ ನಾನು ರಜೆ ಹಾಕಿ ಚಪ್ಪರದ ಮೂಲೆಯಲ್ಲಿ ಸುಮ್ಮನೆ ಕೂತು ನೋಡಿದೆ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಇಲ್ಲದ ಕೆಲಸ. ಮೊದಲ ಸರದಿ ಅಮ್ಮಣ್ಣಿಯದ್ದು. ತೊಟ್ಟಿಯ ನೆಲ ಒಂದು ಬದಿಗೆ ಇಳಿಜಾರು; ಅವಳ ಮೀನು ಹೊಸ ಉಪ್ಪಿನ ಮೇಲೆ, ಹಳೆ ನೀರು ಮುಟ್ಟದ ಎತ್ತರದ ಬದಿಯಲ್ಲಿ. ಆಮೇಲೆ ಉಳಿದ ಮುತ್ತೈದೆಯರದ್ದು. ಎಲ್ಲರೂ ಮುಗಿಸುವ ಹೊತ್ತಿಗೆ ಉಪ್ಪಿನ ರಾಶಿಯಲ್ಲಿ ನೆಲಕ್ಕೆ ಅಂಟಿದ ತಳದ ಉಪ್ಪು, ತೊಟ್ಟಿಯಲ್ಲಿ ಹಳೆ ನೀರು ನಿಂತ ತಗ್ಗು ಬದಿ. ಕೊನೆಯ ಸರದಿ ಚಂಪಾ ಎಂಬವಳದ್ದು, ಅವಳ ಗಂಡನೂ ಸತ್ತಿದ್ದ. ಅವಳ ಮೀನು ಆ ನೀರಿನಲ್ಲಿ ಮುಳುಗಿಯೇ ಇತ್ತು.

"ಕೊನೆಗೆ ಇವಳೇ ಯಾಕೆ?" ಎಂದು ಕೇಳಿದೆ.

"ಗಂಡ ಇಲ್ಲದವರದ್ದು ಕೊನೆಗೇ ಅಲ್ವಾ" ಎಂದರು ಯಾರೋ, ಸೂರ್ಯ ಪಡುವಣದಲ್ಲಿ ಮುಳುಗುತ್ತಾನೆ ಎನ್ನುವಷ್ಟು ಸಹಜವಾಗಿ.

"ಸರಸಳದ್ದೂ ಹಾಗೆಯೇ ಇತ್ತಾ?"

"ವಾಸು ಹೋದ ಮೇಲೆ ಅವಳದ್ದು ಚಂಪಾಳದ್ದೂ ಮುಗಿದ ನಂತರ."

ಗಂಡ ಸತ್ತ ದಿನ ಸರಸಳ ಕೈಯಲ್ಲಿ ಏನೂ ಬದಲಾಗಿರಲಿಲ್ಲ, ಸರದಿ ಬದಲಾಗಿತ್ತು. ಇವರೇ ಅವಳನ್ನು ಕೊಳಕು ನೀರಿಗೆ ತಳ್ಳಿ, ಇವರೇ ಅವಳ ಕೈಯನ್ನು ದೂರಿದ್ದರು. ಅದನ್ನು ಅಲ್ಲಿಯೇ ಕೂಗಿ ಹೇಳುವ ಆಸೆ ಗಂಟಲಿನವರೆಗೆ ಬಂತು. ಆದರೆ ಮೊದಲ ಸಲ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ. ಕೂಗಿದರೆ ಅದು ಒಬ್ಬ ಟೀಚರಿನ ಜಗಳವಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಮ್ಮಣ್ಣಿ ತನ್ನ ಕಣ್ಣಿನಿಂದ ನೋಡುವ ಉತ್ತರ.

ಎರಡನೆಯ ಪ್ರಯೋಗವನ್ನು ಹೆಬ್ಬಾರರೂ ನಾನೂ ಕೂತು ಹೆಣೆದೆವು. ಈ ಸಲ ಕೈ ಎರಡು, ಸರಸಳದ್ದು ಮತ್ತು ಅಮ್ಮಣ್ಣಿಯದ್ದು. ಉಪ್ಪು ಎಲ್ಲದಕ್ಕೂ ಹುರಿದದ್ದೇ. ಮಡಕೆಗಳೆಲ್ಲ ಹೊಸತು, ಕುದಿವ ನೀರಿನಲ್ಲಿ ತೊಳೆದದ್ದು. ಒಬ್ಬೊಬ್ಬರ ಮಡಕೆಗಳಲ್ಲಿಯೂ ಅರ್ಧಕ್ಕೆ ಹಳೆ ನೀರು, ಅರ್ಧಕ್ಕೆ ಇಲ್ಲ. ಒಂದೊಂದು ಬಗೆಗೆ ಒಂದೇ ಮಡಕೆ ಸಾಲದು, ಹಲವು ಬೇಕು ಎಂದರು. ಒಂದು ಆಕಸ್ಮಿಕವಾಗಿ ಕೆಡಬಹುದು, ಎಲ್ಲವೂ ಹಾಗೆ ಕೆಡುವುದಿಲ್ಲ.

"ಯಾವುದು ಯಾರದ್ದು ಅಂತ ನಾನು ಚೀಟಿ ಅಂಟಿಸುತ್ತೇನೆ" ಎಂದೆ.

"ಬೇಡ. ನಿಮಗೆ ಗೊತ್ತಿರಬಾರದು."

"ನನಗಾ? ನನ್ನ ಪ್ರಯೋಗ ಸರ್!"

"ನಿಮ್ಮ ಕಣ್ಣು ಸರಸಳ ಪಕ್ಷ. ಅವಳ ಮಡಕೆಯಲ್ಲಿ ಕೆಂಪು ಇದ್ದರೂ ಅದು ನಿಮಗೆ ಗುಲಾಬಿ ಕಾಣುತ್ತದೆ."

ಉರಿದುಹೋದೆ. ಆದರೆ ಅದು ಸತ್ಯವಾಗಿತ್ತು, ಹಾಗಾಗಿ ಇನ್ನೂ ಹೆಚ್ಚು ಉರಿಯಿತು.

ಅಮ್ಮಣ್ಣಿಯನ್ನು ಒಪ್ಪಿಸುವುದು ಕಷ್ಟವಾದೀತು ಎಂದುಕೊಂಡಿದ್ದೆ. ಅವಳು ಬಾಯಿತುಂಬ ನಕ್ಕಳು. "ನನ್ನ ಕೈಗೆ ಪರೀಕ್ಷೆಯಾ? ಹಾಕುತ್ತೇನೆ, ಅದಕ್ಕೆ ಎಂತ!" ಹೆಬ್ಬಾರರು ಕಾಪುವಿಗೆ ತಾವೇ ಬಂದರು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಹಳೆ ನೀರನ್ನು ತಾವೇ ಎರೆದು, ಪ್ರತಿ ಮಡಕೆಯ ತಳಕ್ಕೆ ಬಣ್ಣದಲ್ಲಿ ಗುರುತು ಹಾಕಿದರು. ಅಮ್ಮಣ್ಣಿಯದ್ದಕ್ಕೆ ಒಂದು ಅಕ್ಷರ, ಸರಸಳದ್ದಕ್ಕೆ ಇನ್ನೊಂದು, ಹಳೆ ನೀರು ಇದ್ದದ್ದಕ್ಕೆ ಸುತ್ತ ಒಂದು ವೃತ್ತ. ಇಬ್ಬರೂ ಚಪ್ಪರದ ಹೊರಗೆ ಕೂತು ಉಪ್ಪು ಹಾಕಿ ನೀರು ಬಸಿದ ಮೇಲೆ ಮಡಕೆಗಳನ್ನು ಒಳಗೆ ತರಿಸಿ, ನಮ್ಮನ್ನೆಲ್ಲ ಹೊರಗೆ ಕಳಿಸಿ, ಮಡಕೆಗಳನ್ನು ಅದಲುಬದಲು ಮಾಡಿ ಸಾಲಾಗಿ ಇಟ್ಟರು. ಇನ್ನು ತಿರುಗಿಸಿ ನೋಡದೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಚಪ್ಪರದ ಆ ಮೂಲೆಗೆ ಅಮ್ಮಣ್ಣಿಯೇ ಕಾವಲು. ಈ ಸಲ ಯಾರೂ ಒಳ್ಳೆಯದಾಗಲಿ ಅಂತ ಏನೂ ಎರೆಯಬಾರದು ಎಂದು ನಾನು ಕೈಮುಗಿದು ಹೇಳಿದ್ದೆ. ಅವಳು ಮಾತು ಉಳಿಸಿಕೊಂಡಳು. ಬೆಕ್ಕನ್ನೂ ಹತ್ತಿರ ಬಿಡಲಿಲ್ಲವಂತೆ.

ತೀರ್ಪು ಹೇಳುವುದಕ್ಕೆ ಕಾರ್ಕಳದಿಂದ ಜೋನ್ ಸಾಹುಕಾರರನ್ನೇ ಕರೆಸಿದೆವು. ಸರಸಳ ಬುಟ್ಟಿ ವಾಪಸು ಕಳಿಸಿದವರು ಅವರೇ, ಅವರ ಮಾತಿಗೆ ಚಪ್ಪರದಲ್ಲಿ ಎದುರಿರಲಿಲ್ಲ. ಹೆಂಗಸರೆಲ್ಲ ಸೇರಿದ್ದರು. ಸರಸ ಚಪ್ಪರದ ಹೊರಗೆ, ಬಿಸಿಲಿನಲ್ಲಿ ಮಗಳ ಕೈ ಹಿಡಿದು ನಿಂತಿದ್ದಳು. ಜೋನ್ ಒಂದೊಂದೇ ಬಟ್ಟೆ ಬಿಚ್ಚಿ, ಮೀನು ಎತ್ತಿ, ಮೂಸಿ, ಒಳ್ಳೆಯದನ್ನು ಎಡಕ್ಕೆ, ಕೆಂಪನ್ನು ಬಲಕ್ಕೆ ಸರಿಸುತ್ತಾ ಹೋದರು. ಒಂದು ಮಡಕೆಯಲ್ಲಿ ಎಲ್ಲ ಮೀನು ಚೆನ್ನಾಗಿದ್ದು, ಒಂದರ ಕಿವಿರಿನ ಹತ್ತಿರ ಮಾತ್ರ ಸಣ್ಣ ಕೆಂಪು ಚುಕ್ಕೆ ಇತ್ತು.

"ಇದು ಒಳ್ಳೆಯದಕ್ಕೇ ಹೋಗಲಿ, ಅಲ್ವಾ?" ಎಂದರು ಜೋನ್.

ನಾನು ಹೌದೆನ್ನುವ ಮೊದಲೇ ಹೆಬ್ಬಾರರು, "ಕೆಂಪು ಅಂದರೆ ಕೆಂಪು. ಬಲಕ್ಕೆ ಇಡಿ" ಎಂದರು. ಅದು ಸರಸಳದ್ದಾಗಿದ್ದರೆ ಎಂದುಕೊಳ್ಳುತ್ತಲೇ ನಾನು ಮಡಕೆಯನ್ನು ಬಲಕ್ಕೆ ಸರಿಸಿದೆ.

ಆಮೇಲೆ ಹೆಬ್ಬಾರರು ಮಡಕೆಗಳ ತಳ ತಿರುಗಿಸತೊಡಗಿದರು. ಎಡಗಡೆಯದ್ದು ಮೊದಲು. ಸರಸ, ವೃತ್ತವಿಲ್ಲ. ಅಮ್ಮಣ್ಣಿ, ವೃತ್ತವಿಲ್ಲ. ಸರಸ, ವೃತ್ತವಿಲ್ಲ. ಒಳ್ಳೆಯ ಮೀನಿನ ಒಂದು ಮಡಕೆಯ ತಳದಲ್ಲಿಯೂ ವೃತ್ತ ಇರಲಿಲ್ಲ. ಹಳೆ ನೀರು ಇಲ್ಲದ ಸರಸಳ ಮಡಕೆಗಳೆಲ್ಲ ಅಲ್ಲಿಯೇ ಇದ್ದವು, ಒಂದೂ ತಪ್ಪದೆ. ಬಲಗಡೆ ತಿರುಗಿಸಿದರು. ವೃತ್ತ, ವೃತ್ತ, ವೃತ್ತ. ಅರ್ಧ ಸರಸಳದ್ದು, ಅರ್ಧ ಅಮ್ಮಣ್ಣಿಯದ್ದು. ವೃತ್ತವಿಲ್ಲದೆ ಕೆಂಪಾದದ್ದು ಆ ಚುಕ್ಕೆಯ ಮಡಕೆ ಒಂದೇ. ಅದು ಅಮ್ಮಣ್ಣಿಯದ್ದು.

"ಆ ಒಂದು ಯಾಕೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೆಯಬೇಕು" ಎಂದರು ಹೆಬ್ಬಾರರು ನನ್ನ ಕಡೆ ತಿರುಗಿ.

ಅಮ್ಮಣ್ಣಿ ಮುಂದೆ ಬಂದು ತನ್ನ ಗುರುತಿದ್ದ ಮಡಕೆಯಿಂದ ಒಂದು ಬಂಗುಡೆ ಎತ್ತಿದಳು. ಬೆನ್ನಿನಿಂದ ಬಾಲದವರೆಗೆ ಕೆಂಪು. ಆಚೆ ಈಚೆ ಹೊರಳಿಸಿ ನೋಡಿದಳು.

"ಇದು ನಾನು ಹಾಕಿದ್ದಾ?"

"ಹೌದು ಅಕ್ಕ. ಆದರೆ ನಿಮ್ಮ ಕೈಯದ್ದೂ ತಪ್ಪಲ್ಲ, ಹಳೆ ನೀರಿನದ್ದು. ಕೊನೆಯ ಸರದಿಯವರಿಗೆ ಅದರ ತಳವೇ ಸಿಗುವುದು" ಎಂದೆ.

"ನನ್ನದೂ ಕೆಂಪಾಗುತ್ತಿತ್ತು, ಹೆದರಿ ಅಡಗಿಸಿಡುತ್ತಿದ್ದೆ" ಎಂದು ಚಂಪಾ ಒಮ್ಮೆಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಜೋನ್ ಸಾಹುಕಾರರು ಎಡಗಡೆಯ ಮಡಕೆಯಿಂದ ಸರಸಳ ಬಂಗುಡೆ ಒಂದನ್ನು ಕೈಯಲ್ಲಿ ಹಿಡಿದು, "ಇಂಥದ್ದು ಎಷ್ಟು ಕೊಟ್ಟರೂ ನಾನು ತಗೊಳ್ಳುತ್ತೇನೆ" ಎಂದು ಹೊರಗಿದ್ದವಳಿಗೆ ಕೇಳುವ ಹಾಗೆ ಹೇಳಿದರು. ನನಗೆ ಹಾರಿ ಕುಣಿಯಬೇಕು ಅನಿಸಿತು. ಜೀವಮಾನದಲ್ಲಿ ಅಷ್ಟು ಸಂತೋಷ ನಾನು ಅದಕ್ಕೆ ಮೊದಲು ಪಟ್ಟಿರಲಿಲ್ಲ.

ಅಷ್ಟರಲ್ಲಿ ಕಡಲ ಕರೆಯಿಂದ ಕೂಗು ಕೇಳಿತು. ರಂಪಣಿ ಎಳೆದಾಗಿತ್ತು, ಬಲೆ ತುಂಬ ಬಂಗುಡೆ. ಹೆಂಗಸರು ಬುಟ್ಟಿ ಹಿಡಿದು ಓಡಿದರು, ಹೊತ್ತು ತಂದು ಚಪ್ಪರದ ಮುಂದೆ ಸುರಿದರು. ಎಲ್ಲರೂ ರೂಢಿಯಂತೆ ಅಮ್ಮಣ್ಣಿ ಮೊದಲು ಉಪ್ಪು ಮುಟ್ಟಲೆಂದು ಕಾದರು. ಅವಳು ಮುಟ್ಟಲಿಲ್ಲ. ಬಿಸಿಲಿನ ಕಡೆ ತಿರುಗಿ ಕೂಗಿದಳು.

"ಸರಸಾ, ಒಳಗೆ ಬಾ. ಇವತ್ತು ಮೊದಲ ಸರದಿ ನಿನ್ನದು."

ಸರಸ ಮಗಳ ಕೈ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಉಪ್ಪಿನ ರಾಶಿಯ ಹತ್ತಿರ ನಿಲ್ಲಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಇದನ್ನು ಬರಿದು ಮಾಡಿ ತೊಳೆಯದೆ ನಾನು ಕೈ ಹಾಕುವುದಿಲ್ಲ" ಎಂದಳು.

ಆ ತೊಟ್ಟಿ ಬರಿದಾದದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಅಮ್ಮಣ್ಣಿ ಸರಸಳ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ತೆಂಗಿನ ನಾರಿನ ಹಿಡಿ ಕೈಗೆತ್ತಿಕೊಂಡು, ತೊಟ್ಟಿಯೊಳಗೆ ಇಳಿದಳು.

"ನಿಂತು ಎಂತ ನೋಡುತ್ತೀರಿ! ಕುದಿವ ನೀರು ತನ್ನಿ!" ಎಂದು ಉಳಿದವರಿಗೆ ಗದರಿದಳು.

ಹಳೆ ನೀರು ದಂಡೆಯ ಹೊಯಿಗೆಯ ಮೇಲೆ ಹರಿದು ಕಡಲಿನ ಕಡೆ ಹೋಯಿತು. ಅಮ್ಮಣ್ಣಿ ಬಗ್ಗಿ ಉಜ್ಜುತ್ತಿದ್ದಳು. ಸರಸ ತೊಟ್ಟಿಯ ಅಂಚಿಗೆ ಕೈಯಿಟ್ಟು ಮೇಲಿನಿಂದ ನೋಡುತ್ತಿದ್ದಳು.

"ಆ ಮೂಲೆ ಬಿಟ್ಟುಹೋಯಿತು ಅಕ್ಕ."

"ಕಂಡಿತು ಮಾರಾಯ್ತಿ, ಉಜ್ಜುತ್ತೇನೆ" ಎಂದಳು ಅಮ್ಮಣ್ಣಿ.